ಕಪ್ ಸಿಗದ ಸೀಸನ್‌ಗಳೇ ಇವರಿಗೆ ಇಷ್ಟ: ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಅದಕ್ಕೆ ಊರು ಕೊಟ್ಟ ಬೆಲೆ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಅಂತ ಒಂದು ತಂಡವಿದೆ. ಅದು ಚಾಂಪಿಯನ್ ಆಗಿದ್ದು ಒಂದೇ ಸಲ, 1951ರಲ್ಲಿ. ಆಗ ಅದರ ಹೆಸರು ರೋಚೆಸ್ಟರ್ ರಾಯಲ್ಸ್, ಇದ್ದಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ಅಲ್ಲಿಂದ ಸಿನ್ಸಿನಾಟಿ, ಆಮೇಲೆ ಕಾನ್ಸಸ್ ಸಿಟಿ ಸುತ್ತಿಕೊಂಡು 1985ರಲ್ಲಿ ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊಗೆ ಬಂತು. ಈ ಊರಿನವರು ತಮ್ಮ ತಂಡ ಕಪ್ ಎತ್ತಿದ್ದನ್ನು ಒಮ್ಮೆಯೂ ನೋಡಿಲ್ಲ. ಫೈನಲ್ ತಲುಪಿದ್ದನ್ನೂ ನೋಡಿಲ್ಲ. ಹಾಗಾಗಿ ಅಲ್ಲಿನ ಅಭಿಮಾನಿಗಳ ಅಚ್ಚುಮೆಚ್ಚಿನ ಸೀಸನ್ ಯಾವುದೇ ಆದರೂ ಅದು ಕೊನೆಗೆ ಸೋತ ಸೀಸನ್ನೇ ಆಗಿರಬೇಕು. ಆದರೂ ಆ ಪ್ರಶ್ನೆಗೆ ಹೆಚ್ಚಿನವರು ಯೋಚನೆ ಮಾಡದೆ ಹೇಳುವ ಉತ್ತರ ಒಂದೇ: 2001–02.

ಆ ಸೀಸನ್‌ನಲ್ಲಿ ಏನಾಯಿತು, ಇಪ್ಪತ್ತು ವರ್ಷ ದಾಟಿದರೂ ಜನ ಅದನ್ನು ಯಾಕೆ ಎದೆಗೆ ಅವುಚಿಕೊಂಡಿದ್ದಾರೆ ಅನ್ನುವುದು ಒಂದು ಕಥೆ. ಆ ಪ್ರೀತಿಯ ಲೆಕ್ಕ ಕೊನೆಗೆ ನಗರಸಭೆಯ ಖಜಾನೆಯವರೆಗೆ ಹೋಗಿದ್ದು ಇನ್ನೊಂದು ಕಥೆ. ಎರಡನ್ನೂ ಒಟ್ಟಿಗೆ ಓದಿದರೇನೇ ಅರ್ಥವಾಗುವುದು.

ತಂಡ ಕಟ್ಟಿದ ಬಗೆ

1998ರವರೆಗೆ ಕಿಂಗ್ಸ್ ಅಂದರೆ ಸೋಲುವ ತಂಡ, ಅಷ್ಟೇ. ಆ ವರ್ಷ ವಾಷಿಂಗ್ಟನ್ ತಂಡದಿಂದ ಕ್ರಿಸ್ ವೆಬರ್ ಬಂದರು. ರಿಕ್ ಅಡೆಲ್ಮನ್ ಕೋಚ್ ಆದರು. ಜೇಸನ್ ವಿಲಿಯಮ್ಸ್ ಎಂಬ ಹೊಸ ಹುಡುಗ ಬಂದ. ಯುರೋಪಿನಿಂದ ಪೇಜಾ ಸ್ಟೊಯಾಕೊವಿಚ್ ಬಂದರು. ಅದೇ ಹೊತ್ತಿಗೆ ಮಾಲೀಕರು ಮತ್ತು ಆಟಗಾರರ ಸಂಘದ ನಡುವೆ ಸಂಬಳದ ಜಗಳ ಜೋರಾಗಿ, ಮಾಲೀಕರು ಲಾಕ್‌ಔಟ್ ಘೋಷಿಸಿದ್ದರು. ಅದು ಮುಗಿದದ್ದು 1999ರ ಜನವರಿಯಲ್ಲಿ. ಮುಗಿದ ಕೂಡಲೇ ಸರ್ಬಿಯಾದ ವ್ಲಾಡೆ ದಿವಾಚ್ ಕಿಂಗ್ಸ್ ಸೇರಿದರು. 82ರ ಬದಲು 50 ಪಂದ್ಯಗಳ ಮೊಟಕು ಸೀಸನ್. ಕಿಂಗ್ಸ್ 27 ಗೆದ್ದಿತು, ಮೊದಲ ಸುತ್ತಿನಲ್ಲೇ ಯೂಟಾ ತಂಡಕ್ಕೆ 3-2ರಿಂದ ಸೋತಿತು.

ಆದರೆ ಆಟದ ರೀತಿಯೇ ಬೇರೆ ಇತ್ತು. ಆ ಕಾಲದ ಎನ್‌ಬಿಎಯಲ್ಲಿ ಚೆಂಡನ್ನು ಒಬ್ಬ ದೊಡ್ಡ ಸ್ಟಾರ್ ಕೈಗೆ ಕೊಟ್ಟು ಉಳಿದ ನಾಲ್ಕು ಜನ ನಿಂತು ನೋಡುವುದೇ ಹೆಚ್ಚು. ಕಿಂಗ್ಸ್‌ನಲ್ಲಿ ಐದೂ ಜನ ಓಡುತ್ತಿದ್ದರು, ಐದೂ ಜನ ಪಾಸ್ ಕೊಡುತ್ತಿದ್ದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಈ ಪದ್ಧತಿ ಕಲಿಸಿದ್ದ ಪೀಟ್ ಕ್ಯಾರಿಲ್ ಇಲ್ಲಿ ಸಹಾಯಕ ಕೋಚ್ ಆಗಿದ್ದರು. ಏಳಡಿ ಎತ್ತರದ ದಿವಾಚ್ ಬುಟ್ಟಿಯ ಕೆಳಗೆ ನಿಂತು ಗುದ್ದಾಡುವ ಬದಲು ಮೇಲಕ್ಕೆ ಬಂದು ಚೆಂಡು ಹಂಚುತ್ತಿದ್ದರು. 2001ರಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಈ ತಂಡವನ್ನು ಮುಖಪುಟಕ್ಕೆ ಹಾಕಿಕೊಂಡಿತು. ಆ ವರ್ಷ 55 ಗೆಲುವು. ಪ್ಲೇಆಫ್‌ನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ 4-0ರಿಂದ ಗುಡಿಸಿ ಹಾಕಿತು.

ಬೇಸಿಗೆಯಲ್ಲಿ ವಿಲಿಯಮ್ಸ್ ಹೋಗಿ ಮೈಕ್ ಬಿಬಿ ಬಂದರು. ಕಣ್ಣು ಕುಕ್ಕುವ ಆಟ ಸ್ವಲ್ಪ ಕಡಿಮೆಯಾಯಿತು, ಕೊನೇ ನಿಮಿಷದಲ್ಲಿ ಕೈ ನಡುಗದ ಒಬ್ಬ ಸಿಕ್ಕಿದ. 2001–02ರಲ್ಲಿ ಕಿಂಗ್ಸ್ 61 ಗೆದ್ದು 21 ಸೋತಿತು. ಇಡೀ ಲೀಗ್‌ಗೇ ಅದು ಮೊದಲ ಸ್ಥಾನ.

ಏಳು ಪಂದ್ಯ

2002ರ ಪಶ್ಚಿಮ ವಿಭಾಗದ ಫೈನಲ್. ಏಳರಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ. ಎದುರಾಳಿ ಮತ್ತೆ ಲೇಕರ್ಸ್, ಸತತ ಎರಡು ಸಲದ ಚಾಂಪಿಯನ್. ಶಕೀಲ್ ಓನೀಲ್, ಕೋಬಿ ಬ್ರಯಂಟ್, ಕೋಚ್ ಫಿಲ್ ಜಾಕ್ಸನ್. ಸುತ್ತಲೂ ಹೊಲಗದ್ದೆ ಇರುವ ಸ್ಯಾಕ್ರಮೆಂಟೊವನ್ನು ಜಾಕ್ಸನ್ ದನಗಳ ಊರು ಅಂತ ಆಡಿಕೊಂಡಿದ್ದರು. ಅಭಿಮಾನಿಗಳು ಸಿಟ್ಟಾಗಲಿಲ್ಲ, ದನದ ಕೊರಳಿಗೆ ಕಟ್ಟುವ ಗಂಟೆಗಳನ್ನು ತಂದು ಆರ್ಕೊ ಅರೀನಾದಲ್ಲಿ ಬಾರಿಸಿದರು. ಅವಮಾನವನ್ನೇ ಬಾವುಟ ಮಾಡಿಕೊಳ್ಳುವ ಈ ವರಸೆ ನಮಗೇನೂ ಹೊಸದಲ್ಲ ಬಿಡಿ.

ಮೂರು ಪಂದ್ಯ ಮುಗಿದಾಗ ಕಿಂಗ್ಸ್ 2-1 ಮುಂದೆ. ಅದೂ ಸ್ಟೊಯಾಕೊವಿಚ್ ಕಾಲಿನ ಗಾಯದಿಂದ ಹೊರಗೆ ಕೂತಿರುವಾಗ. ನಾಲ್ಕನೆಯ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ. ಕಿಂಗ್ಸ್ ಒಂದು ಹಂತದಲ್ಲಿ 24 ಅಂಕ ಮುಂದಿತ್ತು. ಮೊದಲಾರ್ಧದ ಕೊನೆಯ ಕ್ಷಣದಲ್ಲಿ ಲೇಕರ್ಸ್‌ನ ಸಮಾಕಿ ವಾಕರ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಗಂಟೆ ಹೊಡೆದಾಗ ಚೆಂಡು ಇನ್ನೂ ಅವರ ಕೈಯಲ್ಲೇ ಇದ್ದಿದ್ದು ಟಿವಿಯಲ್ಲಿ ಎಲ್ಲರಿಗೂ ಕಾಣಿಸಿತು. ಆದರೆ ರೀಪ್ಲೇ ನೋಡುವ ನಿಯಮವೇ ಆಗ ಇರಲಿಲ್ಲ, ಮೂರು ಅಂಕ ಉಳಿಯಿತು. ಕೊನೆಯಲ್ಲಿ ಎರಡು ಅಂಕ ಮುಂದಿದ್ದ ಕಿಂಗ್ಸ್‌ನ ದಿವಾಚ್, ಬುಟ್ಟಿಯ ಬಳಿಯಿಂದ ಚೆಂಡನ್ನು ದೂರ ತಳ್ಳಿದರು. ಅದು ಹೋಗಿ ಸೇರಿದ್ದು ಮೂರು ಅಂಕದ ಗೆರೆಯ ಹೊರಗೆ ನಿಂತಿದ್ದ ರಾಬರ್ಟ್ ಹೋರಿ ಕೈಗೆ. ಆತ ಎಸೆದ, ಒಳಗೆ ಹೋಯಿತು, ಸಮಯ ಮುಗಿಯಿತು. 100-99. ಸೋತಿದ್ದು ಒಂದು ಅಂಕದಿಂದ. ಮುಂದಿನ ಸೀಸನ್‌ನಿಂದ ಎನ್‌ಬಿಎ ರೀಪ್ಲೇ ತಂದಿತು, ಆದರೆ ಅದರಿಂದ ಕಿಂಗ್ಸ್‌ಗೆ ಬಂದ ಲಾಭ ಸೊನ್ನೆ.

ಐದನೆಯದನ್ನು ಬಿಬಿ ಕೊನೆಯ ಎಸೆತದಲ್ಲಿ ಗೆಲ್ಲಿಸಿದರು, 92-91. ಇನ್ನೊಂದು ಗೆದ್ದರೆ ಫೈನಲ್.

ಆರನೆಯ ಪಂದ್ಯದ ಬಗ್ಗೆ ಸ್ಯಾಕ್ರಮೆಂಟೊದಲ್ಲಿ ಇವತ್ತಿಗೂ ಸಮಾಧಾನದಿಂದ ಮಾತಾಡುವವರು ಸಿಗುವುದು ಕಷ್ಟ. ಕೊನೆಯ 12 ನಿಮಿಷದ ಕ್ವಾರ್ಟರ್ ಒಂದರಲ್ಲೇ ಲೇಕರ್ಸ್‌ಗೆ ಸಿಕ್ಕ ಫ್ರೀ ಥ್ರೋ 27. ಕಿಂಗ್ಸ್‌ಗೆ 9. ಕೊನೇ ಗಳಿಗೆಯಲ್ಲಿ ಕೋಬಿಯ ಮೊಣಕೈ ಬಿಬಿಯ ಮೂಗಿಗೆ ಬಡಿಯಿತು, ರಕ್ತ ಬಂತು. ಫೌಲ್ ಬಿದ್ದಿದ್ದು ಬಿಬಿಯ ಮೇಲೆ. ಲೇಕರ್ಸ್ 106-102ರಿಂದ ಗೆದ್ದಿತು. ಗ್ರಾಹಕ ಹಕ್ಕುಗಳ ಹೋರಾಟಗಾರ, 2000ನೇ ಇಸವಿಯ ಅಧ್ಯಕ್ಷೀಯ ಚುನಾವಣೆಯಲ್ಲಿ ಗ್ರೀನ್ ಪಕ್ಷದ ಅಭ್ಯರ್ಥಿಯಾಗಿದ್ದ ರಾಲ್ಫ್ ನೇಡರ್, ಅಂಪೈರಿಂಗ್ ಪರಿಶೀಲಿಸಿ ಅಂತ ಲೀಗ್ ಕಮಿಷನರ್ ಡೇವಿಡ್ ಸ್ಟರ್ನ್‌ಗೆ ಪತ್ರವನ್ನೇ ಬರೆದರು. ಹಣ ಕೊಟ್ಟು ಟಿಕೆಟ್ ತೆಗೆದುಕೊಳ್ಳುವವನೂ ಗ್ರಾಹಕನೇ ತಾನೆ?

ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಬೆಟ್ಟಿಂಗ್ ಪ್ರಕರಣದಲ್ಲಿ 2007ರಲ್ಲಿ ತಪ್ಪೊಪ್ಪಿಕೊಂಡ ಮಾಜಿ ರೆಫರಿ ಟಿಮ್ ಡೊನಾಗಿ, 2002ರ ಒಂದು ಸರಣಿಯನ್ನು ಏಳನೆಯ ಪಂದ್ಯಕ್ಕೆ ಎಳೆಯಲು ಇಬ್ಬರು ರೆಫರಿಗಳು ಬೇಕೆಂದೇ ಒಂದು ಕಡೆ ವಾಲಿದರು ಎಂದು 2008ರಲ್ಲಿ ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆಯಲ್ಲಿ ಆರೋಪಿಸಿದರು. ವಿವರ ಹೊಂದುವುದು ಈ ಪಂದ್ಯಕ್ಕೆ ಮಾತ್ರ. ಎನ್‌ಬಿಎ ಆರೋಪ ತಳ್ಳಿಹಾಕಿತು. ಡೊನಾಗಿ ಆ ಪಂದ್ಯದಲ್ಲಿ ರೆಫರಿ ಆಗಿರಲಿಲ್ಲ, ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ತುರ್ತಿನಲ್ಲೂ ಇದ್ದರು. ಹಾಗಾಗಿ ಆತ ಹೇಳಿದ್ದನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಆ 27ರ ಅಂಕಿಯನ್ನು ನೋಡಿ ಕಣ್ಣು ಮುಚ್ಚುವಂತೆಯೂ ಇಲ್ಲ.

ಆದರೆ ಅಭಿಮಾನಿಗಳು ಅಷ್ಟಾಗಿ ಎತ್ತದ ಮಾತೊಂದಿದೆ. ಏಳನೆಯ ಪಂದ್ಯ ಸ್ವಂತ ಊರಿನಲ್ಲೇ ಇತ್ತು. ಅಲ್ಲಿ ಕಿಂಗ್ಸ್‌ಗೆ ಸಿಕ್ಕ ಫ್ರೀ ಥ್ರೋ 30, ಹಾಕಿದ್ದು 16. ಮೂರು ಅಂಕದ ಎಸೆತ 20, ಬಿದ್ದಿದ್ದು 2. ಗಾಯದಿಂದ ಮರಳಿದ್ದ ಸ್ಟೊಯಾಕೊವಿಚ್‌ಗೆ ಕೊನೆಯ ಸೆಕೆಂಡುಗಳಲ್ಲಿ ಸಿಕ್ಕ ಅವಕಾಶದಲ್ಲಿ ಚೆಂಡು ಬುಟ್ಟಿಯ ಅಂಚನ್ನೂ ಮುಟ್ಟಲಿಲ್ಲ. ಹೆಚ್ಚುವರಿ ಸಮಯದಲ್ಲಿ 112-106. ಲೇಕರ್ಸ್ ಫೈನಲ್‌ಗೆ ಹೋಗಿ ನ್ಯೂಜೆರ್ಸಿಯನ್ನು 4-0ರಿಂದ ಮುಗಿಸಿತು. ಹಾಗಾಗಿ ನಿಜವಾದ ಫೈನಲ್ ನಮ್ಮ ಊರಲ್ಲೇ ನಡೆದುಹೋಯಿತು ಅಂತ ಸ್ಯಾಕ್ರಮೆಂಟೊದವರು ಹೇಳಿದರೆ ಅಲ್ಲಗಳೆಯುವುದು ಸುಲಭವಲ್ಲ.

ನಂತರದ ಎರಡು ವರ್ಷಗಳನ್ನು ಬೇಗ ಹೇಳಿಬಿಡಬಹುದು. 2003ರಲ್ಲಿ 59 ಗೆಲುವು. ಡಲ್ಲಾಸ್ ವಿರುದ್ಧದ ಸರಣಿಯಲ್ಲಿ ವೆಬರ್ ಮೊಣಕಾಲು ಹೋಯಿತು, 4-3ರಿಂದ ಸೋಲು. 2004ರಲ್ಲಿ 55 ಗೆಲುವು. ಮಿನ್ನೆಸೋಟ ವಿರುದ್ಧ ಏಳನೆಯ ಪಂದ್ಯದ ಕೊನೆಯಲ್ಲಿ ವೆಬರ್ ಎಸೆದ ಚೆಂಡು ಅಂಚಿಗೆ ಬಡಿದು ಹೊರಬಿತ್ತು. ಒಂಬತ್ತು ತಿಂಗಳಲ್ಲಿ ವೆಬರ್ ಫಿಲಡೆಲ್ಫಿಯಾಗೆ ಹೋದರು. 2006ರ ನಂತರ ಸತತ 16 ಸೀಸನ್ ಕಿಂಗ್ಸ್ ಪ್ಲೇಆಫ್ ಮುಖ ನೋಡಲಿಲ್ಲ. ಎನ್‌ಬಿಎ ಇತಿಹಾಸದಲ್ಲೇ ಅಷ್ಟು ಉದ್ದದ ಬರ ಬೇರೆ ಯಾವ ತಂಡಕ್ಕೂ ಬಂದಿಲ್ಲ.

ನೆನಪಿನ ಬಿಲ್ಲು

ರಾಜಕೀಯ ಶುರುವಾಗುವುದು ಇಲ್ಲಿಂದ. ತಂಡದ ಆಗಿನ ಮಾಲೀಕರು ಮಾಲೂಫ್ ಕುಟುಂಬ. ಹೊಸ ಅರೀನಾ ಬೇಕು, ಸಾರ್ವಜನಿಕ ಹಣ ಬೇಕು ಅಂತ ಅವರ ಒತ್ತಾಯ. 2006ರ ನವೆಂಬರ್‌ನಲ್ಲಿ ಇದಕ್ಕಾಗಿ ಮಾರಾಟ ತೆರಿಗೆ ಏರಿಸುವ ಪ್ರಸ್ತಾಪ ಮತಕ್ಕೆ ಬಂತು. ಸುಮಾರು ಶೇ. 80 ಮತದಾರರು ಬೇಡ ಅಂದರು. ಅದೇ ಸಮಯದಲ್ಲಿ ಮಾಲೂಫ್ ಸಹೋದರರು 6,000 ಡಾಲರ್‌ನ ಬರ್ಗರ್ ಮತ್ತು ವೈನ್ ಊಟದ ಜಾಹೀರಾತಿನಲ್ಲಿ ಮಿಂಚುತ್ತಿದ್ದರು. ಜನರ ಸಿಟ್ಟಿಗೆ ಬೇರೆ ಕಾರಣ ಬೇಕೇ?

ಆಮೇಲೆ ಬಂದಿದ್ದು ಬೆದರಿಕೆ. 2011ರಲ್ಲಿ ತಂಡ ಅನಹೈಮ್‌ಗೆ ಹೋಗುತ್ತದೆ ಅಂದರು. 2013ರಲ್ಲಿ ಸಿಯಾಟಲ್‌ನ ಹೂಡಿಕೆದಾರರಿಗೆ ಮಾರಲು ಒಪ್ಪಂದವೇ ಆಯಿತು. ತಂಡ ಉಳಿಸಿಕೊಳ್ಳಲು ಅಭಿಮಾನಿಗಳು ಬೀದಿಗಿಳಿದರು. ಮೇಯರ್ ಕೆವಿನ್ ಜಾನ್ಸನ್, ಸ್ವತಃ ಮಾಜಿ ಎನ್‌ಬಿಎ ಆಟಗಾರ, ಬೇರೆ ಮಾಲೀಕರನ್ನು ಹುಡುಕಿದರು. ಲೀಗ್ ಮಾಲೀಕರು 22-8 ಮತಗಳಿಂದ ಸ್ಥಳಾಂತರ ತಡೆದರು. ತಂಡವನ್ನು ಕೊಂಡಿದ್ದು ಮುಂಬೈಯಲ್ಲಿ ಹುಟ್ಟಿ ಬೆಳೆದ ಉದ್ಯಮಿ ವಿವೇಕ್ ರಣದಿವೆ ನೇತೃತ್ವದ ಗುಂಪು. 2019ರಲ್ಲಿ ಎನ್‌ಬಿಎ ಮೊದಲ ಬಾರಿ ಭಾರತದಲ್ಲಿ, ಮುಂಬೈಯಲ್ಲಿ, ಪಂದ್ಯ ಆಡಿಸಿದಾಗ ಬಂದ ಎರಡು ತಂಡಗಳಲ್ಲಿ ಕಿಂಗ್ಸ್ ಒಂದಾಗಿದ್ದಕ್ಕೆ ಈ ನಂಟೇ ಹಿನ್ನೆಲೆ.

ಉಳಿಸಿಕೊಂಡಿದ್ದಕ್ಕೆ ಬೆಲೆ ಇತ್ತು. 2014ರ ಮೇ ತಿಂಗಳಲ್ಲಿ ನಗರಸಭೆ 7-2 ಮತಗಳಿಂದ ಹೊಸ ಅರೀನಾ ಯೋಜನೆ ಒಪ್ಪಿತು. ಆಗಿನ ಅಂದಾಜು ವೆಚ್ಚ 47.7 ಕೋಟಿ ಡಾಲರ್. ಅದರಲ್ಲಿ ನಗರದ ಪಾಲು 25.5 ಕೋಟಿ. ಬಹುಪಾಲು ಹಣಕ್ಕೆ ಮುಂದಿನ ವರ್ಷಗಳ ಪಾರ್ಕಿಂಗ್ ಆದಾಯವೇ ಆಧಾರ. ಇದನ್ನು ಜನಮತಕ್ಕೆ ಹಾಕಿ ಅಂತ ಕೆಲವರು ಸಹಿ ಸಂಗ್ರಹಿಸಿದರು. ಅರ್ಜಿಯ ನಮೂನೆಯಲ್ಲಿ ದೋಷಗಳಿವೆ ಅಂತ ನಗರಸಭೆಯ ಕಚೇರಿ ತಿರಸ್ಕರಿಸಿತು, ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು. ತಂಡ ಇನ್ನೂ ಚೆನ್ನಾಗಿದ್ದ ಕಾಲದಲ್ಲಿ ಮತ ಕೇಳಿದಾಗ ಬೇಡ ಅಂದ ಊರಿಗೆ, ತಂಡ ಪಾತಾಳದಲ್ಲಿದ್ದಾಗ ಕೇಳದೆಯೇ ಬಿಲ್ಲು ಬಂತು.

ಇದಕ್ಕೆಲ್ಲ 2002 ಕಾರಣ ಅಂದರೆ ಅತಿಯಾದೀತು. ಡೌನ್‌ಟೌನ್ ಅಭಿವೃದ್ಧಿ, ಉದ್ಯೋಗ ಅನ್ನುವ ವಾದಗಳಿದ್ದವು. ಆದರೆ 2013ರಲ್ಲಿ ತಂಡದ ಆಟ ನೋಡಿ ಯಾರೂ ಬೀದಿಗಿಳಿಯಲು ಸಾಧ್ಯವಿರಲಿಲ್ಲ, ಅಷ್ಟು ಕಳಪೆಯಾಗಿತ್ತು. ಜನ ಉಳಿಸಿಕೊಳ್ಳಲು ಹೊರಟಿದ್ದು ವೆಬರ್-ದಿವಾಚ್-ಬಿಬಿ ಕಾಲದ ಊರನ್ನು, ಇಡೀ ದೇಶ ಒಂದೆರಡು ವಾರ ತಮ್ಮ ಕಡೆ ತಿರುಗಿ ನೋಡಿದ್ದ ದಿನಗಳನ್ನು. ಅಂಥ ನೆನಪಿದ್ದರೆ ಮಾಲೀಕರಿಗೆ ಚೌಕಾಸಿ ಸಲೀಸು. ಊರು ಬಿಟ್ಟು ಹೋಗುತ್ತೇವೆ ಅಂದರೆ ಸಾಕು.

ಪಟ್ಟಿಗೆ ಇನ್ನೊಂದು

ಹೊಸ ಅರೀನಾ, ಗೋಲ್ಡನ್ 1 ಸೆಂಟರ್, 2016ರಲ್ಲಿ ತೆರೆಯಿತು. ಅಲ್ಲಿ ಕೂತವರಿಗೆ ತಮ್ಮದೇ ಅನ್ನುವ ಒಂದು ಸೀಸನ್ ಸಿಗಲು 2022–23ರವರೆಗೆ ಕಾಯಬೇಕಾಯಿತು. ಮೈಕ್ ಬ್ರೌನ್ ಕೋಚ್, ಡಿ'ಆರನ್ ಫಾಕ್ಸ್ ಮತ್ತು ಡೊಮಾಂಟಸ್ ಸಬೋನಿಸ್ ಮುಂಚೂಣಿ. 48 ಗೆಲುವು. ಪ್ರತಿ ಗೆಲುವಿನ ನಂತರ ಅರೀನಾ ಮೇಲಿಂದ ಆಕಾಶಕ್ಕೆ ನೇರಳೆ ಬಣ್ಣದ ಲೇಸರ್ ಬೆಳಕು. ಬೆಳಕು ಹಚ್ಚಿ ಅನ್ನುವ ಕೂಗು ಊರಿಗೇ ಹಬ್ಬಿತು; ಟಿಕೆಟ್ ಕೊಳ್ಳಲಾಗದವರೂ ಕಿಟಕಿಯಿಂದ ಗೆಲುವನ್ನು ನೋಡಬಹುದಿತ್ತು. ನನ್ನ ಲೆಕ್ಕದಲ್ಲಿ ಆ ಸೀಸನ್ ಜನರಿಗೆ ಅಷ್ಟು ಹತ್ತಿರವಾಗಿದ್ದಕ್ಕೆ ಈ ಪುಕ್ಕಟೆ ಬೆಳಕಿನ ಪಾಲು ಸಣ್ಣದಲ್ಲ.

ಪ್ಲೇಆಫ್ ಮೊದಲ ಸುತ್ತು, ಹಾಲಿ ಚಾಂಪಿಯನ್ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರಿಗೆ. ಮತ್ತೆ ಏಳನೆಯ ಪಂದ್ಯ, ಮತ್ತೆ ಸ್ವಂತ ಊರು. ಸ್ಟೀಫನ್ ಕರಿ ಒಬ್ಬರೇ 50 ಅಂಕ ಹಾಕಿ ಮುಗಿಸಿದರು. ಈ ಸಲ ರೆಫರಿಯನ್ನು ಬೈಯಲು ಏನೂ ಉಳಿದಿರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಬ್ರೌನ್ ಕೆಲಸ ಹೋಯಿತು, 2025ರ ಫೆಬ್ರವರಿಯಲ್ಲಿ ಫಾಕ್ಸ್ ಸ್ಯಾನ್ ಆಂಟೋನಿಯೊಗೆ ಹೋದರು. ಅರೀನಾ ಚಾವಣಿಯಲ್ಲಿ ವೆಬರ್‌ರ 4, ಸ್ಟೊಯಾಕೊವಿಚ್‌ರ 16, ದಿವಾಚ್‌ರ 21 ಸಂಖ್ಯೆಯ ಜೆರ್ಸಿಗಳು ತೂಗುತ್ತಿವೆ.