ಮನೆಯಲ್ಲಿ ತಯಾರಿಸಿದ ಹಪ್ಪಳ, ಉಪ್ಪಿನಕಾಯಿ ಮತ್ತು ಪಾನಕಗಳ ಮಾರಾಟ: ಕಿರವತ್ತಿ ಹಾಗೂ ಸುತ್ತಲಿನ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಯಲ್ಲಾಪುರ ತಾಲ್ಲೂಕಿನ ಕಿರವತ್ತಿಯು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಮೇಲಿರುವ ಗ್ರಾಮ. ಇದರ ಒಂದು ದಿಕ್ಕಿಗೆ ಮಲೆನಾಡಿನ ಕಾಡು ಮತ್ತು ಅಡಿಕೆ ತೋಟಗಳಿದ್ದರೆ, ಇನ್ನೊಂದು ದಿಕ್ಕಿಗೆ ಹುಬ್ಬಳ್ಳಿಯ ದೊಡ್ಡ ಮಾರುಕಟ್ಟೆಯಿದೆ. ಈ ಭಾಗದಲ್ಲಿಯೂ, ಶಿರಸಿ ಮತ್ತು ಸಿದ್ದಾಪುರ ತಾಲ್ಲೂಕುಗಳಲ್ಲಿಯೂ ಹಲಸಿನಕಾಯಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಪಾನಕ, ಬಾಳೆಕಾಯಿ ಚಿಪ್ಸ್, ತೊಡೆದೇವು ಮುಂತಾದವುಗಳನ್ನು ಮನೆಬಳಕೆಗೂ ನೆಂಟರಿಷ್ಟರಿಗೆ ಕೊಡುವುದಕ್ಕೂ ತಯಾರಿಸುವ ರೂಢಿ ಹಿಂದಿನಿಂದಲೂ ಇದೆ. ಇದೇ ಪದಾರ್ಥವನ್ನು ಹಣ ಪಡೆದು ಕೊಡಲು ಆರಂಭಿಸಿದ ದಿನದಿಂದ ಅದು ಕಾನೂನಿನ ದೃಷ್ಟಿಯಲ್ಲಿ ಆಹಾರ ವಹಿವಾಟು ಆಗುತ್ತದೆ. ಮನೆಯಲ್ಲಿಯೇ ತಯಾರಿಸಲಾಗುತ್ತಿದೆ, ಪ್ರಮಾಣ ಸಣ್ಣದು ಎಂಬ ಕಾರಣಗಳಿಂದ ವಿನಾಯಿತಿ ದೊರೆಯುವುದಿಲ್ಲ. ಪ್ರಕ್ರಿಯೆ ಸರಳವಾಗುತ್ತದೆ, ಅಷ್ಟೆ.

ಅರ್ಜಿ ಸಲ್ಲಿಸುವ ಕೆಲಸ ಬಹುಪಾಲು ಜನರು ತಿಳಿದಿರುವಷ್ಟು ಕಠಿಣವಲ್ಲ. ಉದ್ಯಮ ನಿಲ್ಲುವುದು ಸಾಮಾನ್ಯವಾಗಿ ಬೇರೆ ಎರಡು ಕಾರಣಗಳಿಂದ: ದೂರದ ಗ್ರಾಹಕರ ಕೈಯಲ್ಲಿ ಪದಾರ್ಥ ಕೆಡುವುದು ಮತ್ತು ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಕಟ್ಟುವುದು. ಆದುದರಿಂದ ಈ ಎರಡು ವಿಷಯಗಳನ್ನು ಇಲ್ಲಿ ಹೆಚ್ಚು ವಿವರವಾಗಿ ನೀಡಲಾಗಿದೆ.

ನೋಂದಣಿ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಹಾಗೂ ಅದರಡಿಯ ನಿಯಮಾವಳಿಗಳು 5ನೇ ಆಗಸ್ಟ್ 2011ರಿಂದ ಜಾರಿಯಲ್ಲಿವೆ. ಹಿರಿಯರು ಈಗಲೂ ಹೇಳುವ ‘ಎಫ್‌ಪಿಒ ಲೈಸೆನ್ಸ್’ 1955ರ ಹಣ್ಣಿನ ಉತ್ಪನ್ನಗಳ ಆದೇಶಕ್ಕೆ ಸಂಬಂಧಿಸಿದ್ದಾಗಿದ್ದು, ಅದು ಈಗ ಅಸ್ತಿತ್ವದಲ್ಲಿಲ್ಲ. 2011ರ ನಿಯಮಾವಳಿಯು ವಾರ್ಷಿಕ ವಹಿವಾಟು ರೂ. 12 ಲಕ್ಷ ಮೀರದ ಸಣ್ಣ ತಯಾರಕರಿಗೆ ಪರವಾನಗಿಯ ಬದಲು ಕೇವಲ ನೋಂದಣಿಯನ್ನು, ವರ್ಷಕ್ಕೆ ರೂ. 100 ಶುಲ್ಕದಂತೆ, ಗೊತ್ತುಪಡಿಸಿತ್ತು. ಮಿತಿ, ಶುಲ್ಕ ಮತ್ತು ಅವಧಿಗಳು ತಿದ್ದುಪಡಿಗೆ ಒಳಪಡುವುದರಿಂದ ಅರ್ಜಿ ಸಲ್ಲಿಸುವ ದಿನ ಪೋರ್ಟಲ್‌ನಲ್ಲಿ ಕಾಣುವುದನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.

ಅರ್ಜಿಯನ್ನು ‘ನಮೂನೆ ಎ’ಯಲ್ಲಿ, 2020ರಲ್ಲಿ ಆರಂಭವಾದ ಫಾಸ್ಕಾಸ್ ಪೋರ್ಟಲ್ ಮೂಲಕ ಸಲ್ಲಿಸತಕ್ಕದ್ದು. ಅರ್ಜಿದಾರರ ಭಾವಚಿತ್ರ ಮತ್ತು ಗುರುತಿನ ಚೀಟಿ ಮುಖ್ಯ ದಾಖಲೆಗಳಾಗಿವೆ. ಅಂತರ್ಜಾಲ ಸೌಲಭ್ಯ ಇಲ್ಲದವರು ಸಮೀಪದ ಸಾಮಾನ್ಯ ಸೇವಾ ಕೇಂದ್ರದ ನೆರವು ಪಡೆಯಬಹುದು. ನೋಂದಣಿಯಾದಾಗ 14 ಅಂಕಿಗಳ ಸಂಖ್ಯೆ ದೊರೆಯುತ್ತದೆ. ಸರ್ಕಾರಿ ಪೋರ್ಟಲ್‌ನಂತೆಯೇ ಕಾಣುವ ಖಾಸಗಿ ಜಾಲತಾಣಗಳು ಇದೇ ಕೆಲಸಕ್ಕೆ ಸಾವಿರಾರು ರೂಪಾಯಿ ಪಡೆಯುವುದುಂಟು. ಅತಿಸಣ್ಣ ಉದ್ಯಮಗಳಿಗಾಗಿ 1ನೇ ಜುಲೈ 2020ರಿಂದ ಜಾರಿಗೆ ಬಂದ ‘ಉದ್ಯಮ್’ ನೋಂದಣಿಯಂತೂ ಸಂಪೂರ್ಣ ಉಚಿತವಾಗಿದ್ದು, ಅದಕ್ಕೆ ಯಾರಾದರೂ ಸರ್ಕಾರಿ ಶುಲ್ಕ ಕೇಳಿದಲ್ಲಿ ಕೊಡತಕ್ಕದ್ದಲ್ಲ.

ರುಬ್ಬುವ ಅಥವಾ ಹಪ್ಪಳ ಒತ್ತುವ ವಿದ್ಯುತ್ ಯಂತ್ರ ಅಳವಡಿಸುವವರು ಗ್ರಾಮ ಪಂಚಾಯಿತಿಯಿಂದ ಅನುಮತಿಯನ್ನೂ, ಹೆಸ್ಕಾಂ ಶಾಖಾ ಕಚೇರಿಯಲ್ಲಿ ದರದ ವರ್ಗವನ್ನೂ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಗೃಹಬಳಕೆಯ ಅನಿಲ ಸಿಲಿಂಡರನ್ನು ಮಾರಾಟದ ತಯಾರಿಕೆಗೆ ಬಳಸುವಂತಿಲ್ಲ.

ಅರ್ಜಿಗೆ ಸೂಕ್ತ ಕಾಲ

ಅಪ್ಪೆಮಿಡಿ ಬರುವುದು ಬೇಸಿಗೆಯ ಮೊದಲ ಭಾಗದಲ್ಲಿ. ಹಪ್ಪಳಕ್ಕೆ ಬೇಕಾದ ಬಲಿತ ಹಲಸಿನಕಾಯಿ ಮತ್ತು ಮುರುಗಲು ಹಣ್ಣು ಅದರ ನಂತರ, ಮಳೆ ಹಿಡಿಯುವ ಮುನ್ನ. ವರ್ಷದ ಬಂಡವಾಳವೆಲ್ಲ ಈ ಮೂರು ನಾಲ್ಕು ತಿಂಗಳಲ್ಲಿ ಖರ್ಚಾಗಿ, ಹಣ ಮರಳುವುದಕ್ಕೆ ದೀಪಾವಳಿಯವರೆಗೂ ಕಾಯಬೇಕಾಗುತ್ತದೆ. ಮಿಡಿ ಮನೆಗೆ ಬಂದ ಮೇಲೆ ಲೇಬಲ್ ಮುದ್ರಣ, ಸಾಲದ ಅರ್ಜಿ ಎಂದು ಓಡಾಡುವುದಕ್ಕಿಂತ ಹಿಂದಿನ ನವೆಂಬರ್–ಡಿಸೆಂಬರ್‌ನಲ್ಲಿಯೇ ಇವುಗಳನ್ನು ಮುಗಿಸಿಕೊಳ್ಳುವುದು ಸೂಕ್ತ.

ಪದಾರ್ಥ ಕೆಡದಂತೆ ನೋಡಿಕೊಳ್ಳುವುದು

ಮನೆಯ ಭರಣಿಯಲ್ಲಿ ಎರಡು ವರ್ಷ ಉಳಿಯುವ ಉಪ್ಪಿನಕಾಯಿ, ಬಾಟಲಿಗೆ ತುಂಬಿ ಬೆಂಗಳೂರಿಗೆ ಕಳುಹಿಸಿದಾಗ ಎರಡೇ ತಿಂಗಳಲ್ಲಿ ಉಬ್ಬಬಹುದು. ಮನೆಯಲ್ಲಿ ಭರಣಿಯನ್ನು ತೆರೆಯುವ ಕೈ ಒಂದೇ, ಸೌಟು ಒಣಗಿರುತ್ತದೆ, ನೊರೆ ಕಂಡರೆ ತಕ್ಷಣ ತೆಗೆಯುವವರಿದ್ದಾರೆ. ಗ್ರಾಹಕರ ಮನೆಯಲ್ಲಿ ಇದಾವುದೂ ಖಚಿತವಲ್ಲ. ಆದುದರಿಂದ ಮಾರಾಟದ ಪದಾರ್ಥವನ್ನು ಅಳತೆಯಿಂದಲೇ ಮಾಡಬೇಕು. ಒಂದು ಕಿಲೋ ಮಿಡಿಗೆ ಎಷ್ಟು ಗ್ರಾಂ ಉಪ್ಪು, ಎಷ್ಟು ದಿನ ಉಪ್ಪಿನಲ್ಲಿ, ಎಷ್ಟು ಸಾಸಿವೆ ಎಂಬುದನ್ನು ಬರೆದಿಡತಕ್ಕದ್ದು. ‘ಕೈ ಅಂದಾಜು’ ಮನೆಗೆ ಸಾಕು. ನೂರನೆಯ ಬಾಟಲಿಯೂ ಮೊದಲನೆಯದರಂತೆ ಇರಬೇಕಾದರೆ ಸಾಲದು.

ಅಪ್ಪೆಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಮೆತ್ತಗಾಗಿ, ಅಕ್ಕಪಕ್ಕದವನ್ನೂ ಕೆಡಿಸುತ್ತದೆ. ಪಟ್ಟಣದ ಗ್ರಾಹಕರು ಉಪ್ಪು ಕಡಿಮೆ ಕೇಳುತ್ತಾರೆಂಬ ಕಾರಣಕ್ಕೆ ಉಪ್ಪನ್ನು ಇಳಿಸುವುದು ಈಚೆಗೆ ಕಂಡುಬರುವ ಅಭ್ಯಾಸ. ಈ ಪದಾರ್ಥಗಳಲ್ಲಿ ಉಪ್ಪು ರುಚಿಗೆ ಮಾತ್ರವಲ್ಲ, ಕಾಪಿಡುವುದಕ್ಕೂ ಇದೆ ಎಂಬುದನ್ನು ಮರೆಯಬಾರದು. ಅಪ್ಪೆಮಿಡಿ, ಮುರುಗಲು ಇವು ಸ್ವಭಾವತಃ ಬಹಳ ಹುಳಿ. ಆಮ್ಲತೆಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದಲ್ಲಿ ಮಾರಕ ಬೊಟುಲಿನಮ್ ಸೂಕ್ಷ್ಮಾಣು ಬೆಳೆಯಲಾರದು. ಆದರೆ ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆಗೆ ಆ ಹುಳಿಯ ರಕ್ಷಣೆ ಇಲ್ಲ. ಅದನ್ನು ಕಾಯುವುದು ಉಪ್ಪೊಂದೇ. ಉಪ್ಪು ಇಳಿಸಿ, ಗಾಳಿಯಾಡದ ಬಾಟಲಿಯಲ್ಲಿ ಮುಚ್ಚಿದ ಸೊಳೆಯು ಕೆಟ್ಟ ವಾಸನೆ ಇಲ್ಲದೆಯೂ ಅಪಾಯಕಾರಿಯಾಗಬಹುದು. ಹೊಸಬರು ಹಪ್ಪಳ ಅಥವಾ ಹುಳಿ ಪದಾರ್ಥಗಳಿಂದಲೇ ಆರಂಭಿಸುವುದು ಒಳಿತು.

ಮುರುಗಲು ಪಾನಕಕ್ಕೆ ಸಂರಕ್ಷಕ ಬಳಸುವವರು ಗಮನಿಸಬೇಕಾದ ಅಂಶವೊಂದಿದೆ: ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಅದರ ಕೆಂಪು ಬಣ್ಣವನ್ನು ಮಸುಕುಗೊಳಿಸುತ್ತದೆ. ಕೆಂಪು ರಸಗಳಿಗೆ ಸೋಡಿಯಂ ಬೆಂಜೊಯೇಟ್ ಬಳಸುವುದು ರೂಢಿ. ಪ್ರಮಾಣವು ನಿಯಮಾವಳಿಯ ಮಿತಿಯೊಳಗಿದ್ದು, ಲೇಬಲ್‌ನಲ್ಲಿ ನಮೂದಾಗಿರಬೇಕು. ಗೇರುಹಣ್ಣು ಇತ್ಯಾದಿ ರಸವನ್ನು ಹುದುಗಿಸಿ ಮದ್ಯಾಂಶ ಬರಿಸಿದ ಪಾನೀಯವು ಈ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಕರ್ನಾಟಕ ಅಬಕಾರಿ ಕಾಯ್ದೆ, 1965ರಂತೆ ಲೈಸೆನ್ಸ್ ಬೇಕು.

ಹಪ್ಪಳದ ಶತ್ರು ತೇವ. ಜೂನ್ ನಂತರ ಈ ಸೀಮೆಯಲ್ಲಿ ಬಿಸಿಲನ್ನು ನಂಬುವಂತಿಲ್ಲ. ಪೂರ್ತಿ ಒಣಗದ ಹಪ್ಪಳವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದಲ್ಲಿ ಬೂಸ್ಟು ಹಿಡಿಯುವುದು ಖಚಿತ. ಪ್ರತಿ ಬ್ಯಾಚ್‌ನಿಂದ ಎರಡು ಪೊಟ್ಟಣಗಳನ್ನು ದಿನಾಂಕ ಬರೆದು ಮನೆಯಲ್ಲಿಯೇ ಇಟ್ಟು, ತಿಂಗಳಿಗೊಮ್ಮೆ ಪರಿಶೀಲಿಸಿದಲ್ಲಿ ಬಾಳಿಕೆಯ ಅವಧಿಯನ್ನು ಊಹೆಯಿಂದ ಬರೆಯಬೇಕಾಗುವುದಿಲ್ಲ.

ಲೇಬಲ್

ಪೊಟ್ಟಣದ ಮೇಲೆ ಪದಾರ್ಥದ ಹೆಸರು, ಒಳವಸ್ತುಗಳು (ಹೆಚ್ಚು ತೂಕದ್ದು ಮೊದಲು), ನಿವ್ವಳ ತೂಕ, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಬಳಕೆಯ ಅಂತಿಮ ದಿನಾಂಕ, ಸಸ್ಯಾಹಾರದ ಹಸಿರು ಚಿಹ್ನೆ, ಎಫ್‌ಎಸ್‌ಎಸ್‌ಎಐ ಚಿಹ್ನೆಯೊಡನೆ ನೋಂದಣಿ ಸಂಖ್ಯೆ ಇರತಕ್ಕದ್ದು. 2020ರ ಲೇಬಲಿಂಗ್ ನಿಯಮಾವಳಿಯಂತೆ ಈ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು. ಕನ್ನಡವನ್ನು ಜೊತೆಗೆ ಬಳಸಬಹುದು. ಕನ್ನಡದಲ್ಲಿ ಮಾತ್ರ ಮುದ್ರಿಸಿ, ಸಾವಿರ ಲೇಬಲ್ ವ್ಯರ್ಥವಾಗದಂತೆ ಎಚ್ಚರ ವಹಿಸುವುದು. ಸಾಮಾನ್ಯ ಮಾವಿನ ಮಿಡಿಗೆ ‘ಅಪ್ಪೆಮಿಡಿ’ ಎಂದು ಹೆಸರು ಹಾಕುವಂತಿಲ್ಲ. ಅಪ್ಪೆಮಿಡಿ ಭೌಗೋಳಿಕ ಸೂಚಿ ಪಡೆದ ಉತ್ಪನ್ನ. ಅಲ್ಲದೆ ತಪ್ಪು ಲೇಬಲ್‌ಗೆ ಕಾಯ್ದೆಯ 52ನೆಯ ಪ್ರಕರಣದಂತೆ ರೂ. 3 ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ.

ಗರಿಷ್ಠ ಮಾರಾಟ ಬೆಲೆ ಮತ್ತು ಗ್ರಾಹಕರ ದೂರಿಗಾಗಿ ಸಂಪರ್ಕ ವಿವರಗಳು ಕಾನೂನುಮಾಪನ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರಂತೆ ಕಡ್ಡಾಯ. ಪೊಟ್ಟಣ ಕಟ್ಟಲು ಆರಂಭಿಸಿದ 90 ದಿನಗಳೊಳಗೆ ಕಾನೂನುಮಾಪನ ಇಲಾಖೆಗೂ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ.

ಬೆಲೆ ಕಟ್ಟುವ ಕ್ರಮ

ಲೆಕ್ಕದ ಅನುಕೂಲಕ್ಕಾಗಿ ಒಂದು ಉದಾಹರಣೆ. ನಾಲ್ವರು ಮಹಿಳೆಯರು ಎರಡು ದಿನ ದುಡಿದು 1,000 ಹಪ್ಪಳ ಮಾಡಿದರೆಂದು, ಮೆಣಸು, ಕೊತ್ತಂಬರಿ, ಉಪ್ಪು, ಕಟ್ಟಿಗೆ, ಚೀಲ, ಲೇಬಲ್‌ಗಳಿಗೆ ರೂ. 900 ತಗುಲಿತೆಂದು, 50 ಹಪ್ಪಳ ಒಡೆದುಹೋಯಿತೆಂದು ಇಟ್ಟುಕೊಳ್ಳೋಣ. ಉಳಿದ 950ನ್ನು ನೂರಕ್ಕೆ ರೂ. 200ರಂತೆ ಮಾರಿದರೆ ರೂ. 1,900 ಬರುತ್ತದೆ. ಕೈಯಲ್ಲಿ ರೂ. 1,000 ಉಳಿಯುವುದರಿಂದ ಲಾಭವೆಂದೇ ತೋರುತ್ತದೆ. ಅದನ್ನು ಎಂಟು ದಿನಗೂಲಿಗಳಿಗೆ ಹಂಚಿದಾಗ ಒಬ್ಬರಿಗೆ ದಿನಕ್ಕೆ ಬಿದ್ದದ್ದು ರೂ. 125. ದಿನಕ್ಕೆ ರೂ. 400 ಕೂಲಿ ಹಿಡಿದರೆ ಒಟ್ಟು ವೆಚ್ಚ ರೂ. 4,100, ನೂರು ಹಪ್ಪಳಕ್ಕೆ ಸುಮಾರು ರೂ. 432. ಇದರಲ್ಲಿ ಸ್ವಂತ ಮರದ ಹಲಸಿನಕಾಯಿಯ ಬೆಲೆ, ಬಸ್ ಖರ್ಚು, ಅಂಗಡಿಯವರ ಕಮಿಷನ್ ಸೇರಿಲ್ಲ.

ಅಕ್ಕಪಕ್ಕದ ಮನೆಯವರು ಕೂಡಿ ಹಪ್ಪಳ ಹಚ್ಚುವುದು ಊರಿನ ಪದ್ಧತಿಯಾದ್ದರಿಂದ ಈ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ. ಮನೆಬಳಕೆಗೆ ಅದು ಸರಿ, ಮಾರಾಟಕ್ಕೆ ಅಲ್ಲ. ಕಡಿಮೆ ಬೆಲೆಗೆ ಮಾರುವ ಒಬ್ಬರಿಂದ ನೆರೆಯ ಹತ್ತು ಮಂದಿಯ ಬೆಲೆಯೂ ಇಳಿಯುತ್ತದೆ. ಸ್ವಸಹಾಯ ಸಂಘಗಳು ಪ್ರತಿ ಸದಸ್ಯೆಯ ದುಡಿಮೆಯ ದಿನಗಳನ್ನು ಪುಸ್ತಕದಲ್ಲಿ ಬರೆದು, ಮಾರಾಟದ ಹಣದಿಂದ ಮೊದಲು ಕೂಲಿಯನ್ನು ಕೊಟ್ಟು ನಂತರ ಲಾಭ ಹಂಚತಕ್ಕದ್ದು. 1959ರಲ್ಲಿ ಮುಂಬಯಿಯಲ್ಲಿ ಏಳು ಮಹಿಳೆಯರು ರೂ. 80 ಸಾಲದಿಂದ ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆಯಲ್ಲಿಯೂ ಹಪ್ಪಳ ಲಟ್ಟಿಸುವವರಿಗೆ ಮಾಡಿದ ಕೆಲಸದ ಮೇಲೆ ಮಜೂರಿ ಕೊಡುವ ಕ್ರಮವಿದೆ.

ಸಾಲ, ಸಹಾಯಧನ ಮತ್ತು ತರಬೇತಿ

ಮುದ್ರಾ ಯೋಜನೆಯ (2015) ‘ಶಿಶು’ ವಿಭಾಗದಲ್ಲಿ ರೂ. 50,000ದವರೆಗೆ ಅಡಮಾನವಿಲ್ಲದ ಸಾಲ ದೊರೆಯುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ ರೂ. 10 ಲಕ್ಷ ಕೇಂದ್ರ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿತ್ತು. ರಾಜ್ಯದಲ್ಲಿ ಇದರ ನಿರ್ವಹಣೆ ಕೆಪೆಕ್ ಸಂಸ್ಥೆಯದು. ಯೋಜನೆಯ ಅವಧಿಯನ್ನು 2025-26ರವರೆಗೆ ವಿಸ್ತರಿಸಲಾಗಿದ್ದರಿಂದ, ಹೊಸ ಅರ್ಜಿಗಳ ಬಗ್ಗೆ ಮೊದಲು ವಿಚಾರಿಸುವುದು. ಇಂತಹ ಸಹಾಯಧನ ಕೈಗೆ ಬರುವ ನಗದಲ್ಲ. ಅದನ್ನು ಬ್ಯಾಂಕಿನಲ್ಲಿ ಇರಿಸಿ, ಘಟಕ ನಡೆದು ಸಾಲದ ಕಂತುಗಳು ಸರಿಯಾಗಿ ಪಾವತಿಯಾದಲ್ಲಿ ಮೂರು ವರ್ಷಗಳ ನಂತರ ಸಾಲಕ್ಕೆ ಹೊಂದಿಸಲಾಗುತ್ತದೆ. ಸಹಾಯಧನವನ್ನೇ ನೆಚ್ಚಿ ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಳ್ಳತಕ್ಕದ್ದಲ್ಲ.

ಕಿರವತ್ತಿಯ ಅರ್ಜಿದಾರರಿಗೆ ನೆರೆಯ ಹಳಿಯಾಳದಲ್ಲಿರುವ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯು ಅನುಕೂಲಕರ. ತಾಂತ್ರಿಕ ವಿಷಯಗಳಿಗೆ ಮೈಸೂರಿನ ಸಿಎಫ್‌ಟಿಆರ್‌ಐ ತರಬೇತಿಗಳಿವೆ.

ಕಾಡಿನ ಕಚ್ಚಾವಸ್ತು

ಸ್ವಂತ ಜಮೀನಿನ ಫಸಲಿಗೆ ತೊಡಕಿಲ್ಲ. ಕಾಡಿನ ಮುರುಗಲು, ಮಿಡಿ, ಜೇನು ತರುವವರು ಮೊದಲು ವಲಯ ಅರಣ್ಯ ಅಧಿಕಾರಿಯವರ ಕಚೇರಿಯಲ್ಲಿ ವಿಚಾರಿಸತಕ್ಕದ್ದು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರ್ಪಡೆಯಾದ ಉತ್ತರ ಕನ್ನಡದ ಸಿದ್ದಿಯರೂ ಸೇರಿದಂತೆ ಅರಣ್ಯವಾಸಿಗಳಿಗೆ ಅರಣ್ಯ ಹಕ್ಕು ಕಾಯ್ದೆ, 2006ರಡಿ ಕಿರು ಅರಣ್ಯ ಉತ್ಪನ್ನಗಳ ಹಕ್ಕನ್ನು ಕೇಳಲು ಅವಕಾಶವಿದೆ. ಅರ್ಜಿಯನ್ನು ಗ್ರಾಮಮಟ್ಟದ ಅರಣ್ಯ ಹಕ್ಕು ಸಮಿತಿಗೆ ಸಲ್ಲಿಸುವುದು. ಮಿಡಿಗಾಗಿ ಕೊಂಬೆ ಕಡಿದಲ್ಲಿ ಮುಂದಿನ ವರ್ಷಗಳ ಫಸಲೇ ಇಲ್ಲವಾಗುತ್ತದೆ.

ಮಾರಾಟ ಮತ್ತು ತೆರಿಗೆ

ಶಿರಸಿಯಲ್ಲಿ 1923ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಸೇಲ್ ಸೊಸೈಟಿ, ಕದಂಬ ಮಾರ್ಕೆಟಿಂಗ್ ಸೌಹಾರ್ದದಂತಹ ಸಹಕಾರಿಗಳಿವೆ. ವನಸ್ತ್ರೀ ಸಂಘಟನೆಯ ಮಲೆನಾಡು ಮೇಳದಂತಹ ಸಂದರ್ಭಗಳೂ ಹೊಸಬರಿಗೆ ಪರೀಕ್ಷೆಯ ಮಾರುಕಟ್ಟೆಯಾಗಬಲ್ಲವು.

ರಾಜ್ಯದೊಳಗೆ ಸರಕು ಮಾರುವವರ ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಅಗತ್ಯವಿಲ್ಲ. ಗೋವಾಕ್ಕೋ ಪುಣೆಗೋ ಕೊರಿಯರ್ ಮೂಲಕ ಮಾರುವವರು ಮಾತ್ರ ವ್ಯತ್ಯಾಸ ತಿಳಿದಿರಬೇಕು. ಹಪ್ಪಳಕ್ಕೆ ತೆರಿಗೆ ಇಲ್ಲದಿರುವುದರಿಂದ ಹಪ್ಪಳವನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ; ಉಪ್ಪಿನಕಾಯಿ ತೆರಿಗೆಗೆ ಒಳಪಟ್ಟಿರುವುದರಿಂದ ಹೊರರಾಜ್ಯಕ್ಕೆ ಅದರ ಒಂದೇ ಬಾಟಲಿ ಮಾರಿದರೂ ನೋಂದಣಿ ಪಡೆಯಬೇಕಾಗುತ್ತದೆ.