ಕಾರು, ಕಾಲು, ಕಾನೂನು

ಐವತ್ತು ದಾಟಿದ ಮೇಲೆ ಕಾರು ಕಲಿಯಲು ಹೊರಟ ಹೆಂಗಸಿಗೆ ಬುದ್ಧಿ ಹೇಳುವವರ ಕೊರತೆ ಇರುವುದಿಲ್ಲ. 2019ರ ಸೆಪ್ಟೆಂಬರ್ ತಿಂಗಳು. ಹಾಸನದ ರಸ್ತೆಗಳಲ್ಲಿ ನಾನು ಉಸಿರು ಬಿಗಿಹಿಡಿದು ಸ್ಟಿಯರಿಂಗ್ ತಿರುಗಿಸುತ್ತಿದ್ದ ದಿನಗಳವು. ಮೋಟಾರು ವಾಹನ ಕಾಯಿದೆಗೆ ಆಗಷ್ಟೇ ತಿದ್ದುಪಡಿಯಾಗಿ ದಂಡದ ಮೊತ್ತಗಳು ಏರಿದ್ದವು. ಒಂದು ಸಂಜೆ ನನ್ನ ಮೈದುನ ಕಾಫಿ ಕುಡಿಯುತ್ತಾ, "ಅತ್ತಿಗೆ, ಇನ್ನು ನಿಮ್ಮ ಡ್ರೈವಿಂಗ್ ಮುಗಿದ ಹಾಗೇ. ಚಪ್ಪಲಿ ಹಾಕ್ಕೊಂಡು ಕಾರು ಓಡಿಸಿದ್ರೆ ಸಾವಿರ ರೂಪಾಯಿ ದಂಡವಂತೆ" ಎಂದ.

"ಹಾಗಾದ್ರೆ ಬರಿಗಾಲಲ್ಲೇ ಓಡಿಸ್ತೀನಿ ಬಿಡಪ್ಪ."

"ಅದಕ್ಕೂ ಹಾಕ್ತಾರಂತೆ!"

'ಅಂತೆ'ಗಳ ಮುಂದೆ ವಾದ ಹೂಡುವುದು ಹೇಗೆ? ಸೀರೆಯ ಕೆಳಗೆ ಶೂ ತೊಟ್ಟು ಬೀದಿಯಲ್ಲಿ ನಡೆಯಲು ಸಂಕೋಚ. ಎರಡು ದಿನ ಪಾಠಕ್ಕೇ ಹೋಗಲಿಲ್ಲ.

ಮೂರನೆಯ ದಿನ ಮನಸ್ಸು ತಡೆಯದೆ ಹುಡುಕಿ ನೋಡಿದೆ. 1988ರ ಮೋಟಾರು ವಾಹನ ಕಾಯಿದೆ ಬೈಕಿನವರ ತಲೆಯ ಹೆಲ್ಮೆಟ್ಟಿನ ಬಗ್ಗೆ ಮಾತಾಡುತ್ತದೆ. ಕಾರು ನಡೆಸುವವರು ಕಾಲಿಗೆ ಏನು ತೊಡಬೇಕೆಂಬ ಬಗ್ಗೆ ಒಂದು ಮಾತೂ ಇಲ್ಲ. ನನ್ನ ಮೈದುನ ಹೇಳಿದಂಥ ಸುದ್ದಿ ದೇಶದ ತುಂಬಾ ಹಬ್ಬಿತ್ತೆಂದು ಆಮೇಲೆ ತಿಳಿಯಿತು. ಸೆಪ್ಟೆಂಬರ್ 25ರಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರ ಕಚೇರಿಯೇ, ಚಪ್ಪಲಿ ಹಾಕಿಕೊಂಡರೆ, ಅರ್ಧ ತೋಳಿನ ಅಂಗಿ ತೊಟ್ಟರೆ, ಲುಂಗಿ ಉಟ್ಟರೆ ದಂಡವಿಲ್ಲ, ವದಂತಿ ನಂಬಬೇಡಿ ಎಂದು ಸಾರಬೇಕಾಯಿತು.

ಇಲ್ಲದ ಕಾನೂನಿಗೆ ಹೆದರಿ ಮನೆಯಲ್ಲಿ ಕೂತೆನಲ್ಲ ಎಂದು ನಾಚಿಕೆಯಾಯಿತು. ಹಾಗಿದ್ದರೆ ಕಾರಿಗೂ ಕಾಲಿಗೂ ಈ ನಂಟು ಬೆಳೆದದ್ದು ಹೇಗೆ ಎಂಬ ಕುತೂಹಲವೂ ಹುಟ್ಟಿತು.

ಕಾರಿನಲ್ಲಿ ಮೊದಲ ದೂರಪಯಣ ಮಾಡಿದವಳು ಒಬ್ಬ ಹೆಂಗಸು ಎಂಬುದು ನಿಮಗೆ ಗೊತ್ತೇ? 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡ ಕಾರ್ಲ್ ತಯಾರಿಸಿದ ಮೂರು ಚಕ್ರದ ಗಾಡಿಯಲ್ಲಿ, ಅವನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಸುಮಾರು 100 ಕಿಲೋಮೀಟರ್ ಹೋದಳು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡುಗಳು ಸವೆದವು. ಅವಳು ದಾರಿಯ ಊರಿನ ಚಮ್ಮಾರನ ಬಳಿ ಹೋಗಿ, ಅವುಗಳ ಮೇಲೆ ತೊಗಲು ಹೊಡೆಸಿದಳು. ಕಾರಿನ ಬ್ರೇಕಿಗೆ ಮೊದಲು ಲೈನಿಂಗ್ ಹಾಕಿದ ಕೈ ಹೀಗೆ ಪಾದರಕ್ಷೆ ಹೊಲಿಯುವ ಕೈ!

ಆ ಗಾಡಿಯ ಬ್ರೇಕನ್ನು ಕೈಯಿಂದ ಎಳೆಯಬೇಕಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಮೂರು ಪೆಡಲುಗಳಿದ್ದರೂ ನಡುವಿನದು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕು. ವೇಗ ಹೆಚ್ಚಿಸುವ ಕೆಲಸ ಕೈಯದೇ. ಎಡಕ್ಕೆ ಕ್ಲಚ್, ನಡುವೆ ಬ್ರೇಕ್, ಬಲಕ್ಕೆ ಆಕ್ಸಿಲರೇಟರ್ ಎಂಬ ಈಗಿನ ಕ್ರಮ 1916ರ ಕ್ಯಾಡಿಲಾಕ್, 1922ರ ಆಸ್ಟಿನ್ ಸೆವೆನ್ ಮುಂತಾದ ಕಾರುಗಳಿಂದ ಬೇರೂರಿತು. ಓಡಿಸುವುದು, ನಿಲ್ಲಿಸುವುದು ಎರಡೂ ಬಲಗಾಲಿನ ಪಾಲಾಯಿತು. ಅಂಗಾಲಿಗೆ ಪೆಡಲಿನ ಗುರುತು ಸಿಗುವುದು ಅಷ್ಟು ಮುಖ್ಯವಾಯಿತು.

ಬೇರೆ ದೇಶಗಳ ಕಾನೂನು ಏನೆನ್ನುತ್ತದೆ? ಬ್ರಿಟನ್ನಿನಲ್ಲಿ ಬರಿಗಾಲಲ್ಲಿ ಓಡಿಸುವುದು ಅಪರಾಧವಲ್ಲ. ಅಲ್ಲಿನ 'ಹೈವೇ ಕೋಡ್'ನ 97ನೆಯ ನಿಯಮ, ಕಾರಿನ ನಿಯಂತ್ರಣಗಳನ್ನು ಸರಿಯಾಗಿ ಬಳಸಲು ಅಡ್ಡಿಯಾಗದ ಪಾದರಕ್ಷೆ, ಬಟ್ಟೆ ಇರಲಿ ಎನ್ನುತ್ತದೆ, ಅಷ್ಟೆ. ಜಪಾನಿನ ಟೋಕಿಯೋ ಮಾತ್ರ ಹೆಸರು ಹಿಡಿದೇ ಹೇಳುತ್ತದೆ: ನಮ್ಮ ಹಾವುಗೆಯನ್ನು ಹೋಲುವ 'ಗೆತಾ' ಮೊದಲಾದ, ಚಾಲನೆಗೆ ತೊಡಕಾಗುವ ಪಾದರಕ್ಷೆ ಮೆಟ್ಟಿ ವಾಹನ ನಡೆಸಬಾರದು.

ಇಷ್ಟೆಲ್ಲ ತಿಳಿದ ನಾನು ಮೈದುನನ ಮುಂದೆ ಬೀಗಿದೆ. ಲೈಸೆನ್ಸೂ ಕೈಗೆ ಬಂತು. ಕೆಲವು ತಿಂಗಳ ಬಳಿಕ ಒಂದು ಮದುವೆಗೆ ಹೊಸ ಎತ್ತರ ಹಿಮ್ಮಡಿಯ ಚಪ್ಪಲಿ ಮೆಟ್ಟಿ ಹೊರಟೆ. ಓಡಿಸಲು ಕಷ್ಟವೆನಿಸಿ ಅದನ್ನು ಬಿಚ್ಚಿ ಕಾಲ ಬಳಿಯೇ ಬಿಟ್ಟೆ. ಬರಿಗಾಲಿಗೆ ಕಾನೂನಿನ ತಕರಾರಿಲ್ಲವಲ್ಲ! ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ಹೂವಿನ ಬುಟ್ಟಿ ಹೊತ್ತ ಹುಡುಗಿಯೊಬ್ಬಳು ಅಡ್ಡ ಬಂದಳು. ಬ್ರೇಕ್ ಒತ್ತಿದೆ. ಅದು ಇಳಿಯಲಿಲ್ಲ. ಒಂಟಿ ಚಪ್ಪಲಿ ಜಾರಿ ಹೋಗಿ ಪೆಡಲಿನ ಅಡಿ ಸಿಕ್ಕಿಕೊಂಡಿತ್ತು. ಹ್ಯಾಂಡ್‌ಬ್ರೇಕ್ ಎಳೆದೆ. ಅವಳಿಗೆ ಒಂದು ಮೊಳ ದೂರದಲ್ಲಿ ಕಾರು ನಿಂತಿತು. ಬುಟ್ಟಿ ಬಿದ್ದು ಸೇವಂತಿಗೆ ರಸ್ತೆಯ ತುಂಬಾ ಚೆಲ್ಲಿತು. ಅವಳ ತಾಯಿ ಓಡಿಬಂದು, "ಕಣ್ಣು ಕಾಣಲ್ವೇನಮ್ಮ?" ಎಂದಳು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ಕೂತು ಹೂವು ಆರಿಸಿಕೊಟ್ಟೆ, ಕೈ ನಡುಗುತ್ತಿತ್ತು.

ಹೆಸರಿಟ್ಟು ಬೇಡವೆನ್ನದ ಮಾತ್ರಕ್ಕೆ ಕಾನೂನು ನಮ್ಮನ್ನು ಬಿಟ್ಟುಬಿಟ್ಟಿಲ್ಲ. ಜನರಿಗೆ ಅಪಾಯವಾಗುವಂತೆ ವಾಹನ ನಡೆಸುವುದು ಅದೇ ಕಾಯಿದೆಯ 184ನೆಯ ಕಲಮಿನ ಪ್ರಕಾರ ಅಪರಾಧ. ಕಾನೂನು ಪಾದರಕ್ಷೆಯ ಆಯ್ಕೆಯನ್ನು ನಮ್ಮ ವಿವೇಕಕ್ಕೆ ಬಿಟ್ಟಿದೆ. ನಾನು ಮೊದಲು ಇಲ್ಲದ ಕಾನೂನಿಗೆ ಹೆದರಿದೆ; ಆಮೇಲೆ ಕಾನೂನಿಲ್ಲವೆಂದು ಮೈಮರೆತೆ. ಎರಡನೆಯದೇ ದೊಡ್ಡ ತಪ್ಪು.

ಈಗ ಹಿಮ್ಮಡಿಗೆ ಪಟ್ಟಿಯಿರುವ, ತೆಳು ಅಟ್ಟೆಯ ಒಂದು ಜೊತೆ ಸ್ಯಾಂಡಲ್ ಕಾರಿಗೆಂದೇ ಮೀಸಲು. ಮಳೆಗಾಲದಲ್ಲಿ ಅಟ್ಟೆ ಒರೆಸಿಯೇ ಕೂರುತ್ತೇನೆ. ಬಿಚ್ಚಿದ ಚಪ್ಪಲಿಗೆ ಹಿಂದಿನ ಸೀಟಿನ ಕೆಳಗೆ ಜಾಗ.

ಮೈದುನನ ಮಗಳು ಈಚೆಗೆ ಕಾರು ಕಲಿಯಲು ಸೇರಿದಳು. "ದೊಡ್ಡಮ್ಮ, ಚಪ್ಪಲಿ ಹಾಕಿದ್ರೆ ಫೈನ್ ಹಾಕ್ತಾರಾ?" ಎಂದು ಕೇಳಿದಳು. ಇಲ್ಲ ಮಗು ಎಂದೆ. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸೇವಂತಿಗೆ ಬುಟ್ಟಿಯ ಕಥೆ ಹೇಳಿದೆ.