ಸ್ಟೆಪ್ನಿಯ ಮಕ್ಕಳು ಬರೆದ ಪದ್ಯಗಳು

"ಹುಡುಗನಿಗೆ ಓದುಬರಹ ಹತ್ತುವುದೇ ಇಲ್ಲ" ಎಂದು ನಿಟ್ಟುಸಿರಿಡುವ ತಂದೆತಾಯಿಯರು ನಮ್ಮ ನಡುವೆ ಕಡಿಮೆಯಿಲ್ಲ. ಹೈಸ್ಕೂಲು ಮೆಟ್ಟಿಲು ಹತ್ತಿದ ಮಗ ಸ್ವಂತವಾಗಿ ನಾಲ್ಕು ಸಾಲು ಬರೆಯಲಾರನೆಂದರೆ ಯಾರಿಗೆ ತಾನೇ ಚಿಂತೆಯಾಗದು? ಅಂಥವರು ಲಂಡನ್ನಿನ ಒಂದು ಶಾಲೆಯಲ್ಲಿ 1971ರಲ್ಲಿ ನಡೆದ ಸಂಗತಿಯನ್ನು ತಿಳಿಯುವುದು ಒಳ್ಳೆಯದು.

ಲಂಡನ್ನಿನ ಪೂರ್ವಭಾಗಕ್ಕೆ ಈಸ್ಟ್ ಎಂಡ್ ಎಂದು ಹೆಸರು. ಥೇಮ್ಸ್ ನದಿಯ ಹಡಗುಕಟ್ಟೆಯ ಕೂಲಿಗಳೂ ಬಟ್ಟೆ ಹೊಲಿಯುವವರೂ ಬಾಳಿದ ಪ್ರದೇಶವದು. ಐರಿಷರು, ಯೆಹೂದ್ಯರು, ಸಿಲ್ಹೆಟ್ಟಿನ ಬಂಗಾಳಿಗಳು, ಹೀಗೆ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ಅನೇಕರು ನೆಲೆ ಕಂಡದ್ದು ಅಲ್ಲಿ. ಅಲ್ಲಿಯ ಸ್ಟೆಪ್ನಿ ಬಡಾವಣೆಯ ಸರ್ ಜಾನ್ ಕ್ಯಾಸ್ ಶಾಲೆಗೆ ಕ್ರಿಸ್ ಸರ್ಲ್ ಎಂಬ ತರುಣರು ಇಂಗ್ಲಿಷ್ ಉಪಾಧ್ಯಾಯರಾಗಿ ಬಂದರು. ಅದಕ್ಕೂ ಮುಂಚೆ ಅವರು ವೆಸ್ಟ್ ಇಂಡೀಸಿನ ಟೊಬೇಗೋ ದ್ವೀಪದಲ್ಲಿ ಪಾಠ ಹೇಳಿದ್ದರು.

ಅವರ ತರಗತಿಯಲ್ಲಿದ್ದವರು ಬಹುಪಾಲು ಕಾರ್ಮಿಕರ ಮಕ್ಕಳು. ಸರ್ಲ್ ಅವರು ವ್ಯಾಕರಣದ ಬೆತ್ತ ಹಿಡಿಯಲಿಲ್ಲ. ರಾನ್ ಮೆಕಾರ್ಮಿಕ್ ಎಂಬ ಛಾಯಾಗ್ರಾಹಕರು ಅದೇ ಓಣಿಗಳ ಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಮಕ್ಕಳಿಗೆ ತೋರಿಸಿದರು. ಮಕ್ಕಳನ್ನು ಬೀದಿಗೆ ಕರೆದೊಯ್ದರು. ಕಂಡದ್ದನ್ನು, ಅನಿಸಿದ್ದನ್ನು ಪದ್ಯವಾಗಿ ಬರೆಯಿರಿ ಎಂದರು. ಮಕ್ಕಳು ಬರೆದರು! ಕೆಡವಿದ ಮನೆಗಳು, ಒಂಟಿ ಮುದುಕರು, ಬೂದುಬಣ್ಣದ ಬೀದಿಗಳು, ತಮ್ಮದೇ ಏಕಾಂತ, ಎಲ್ಲವೂ ಪದ್ಯಗಳಾದವು.

ಅವನ್ನು ಪುಸ್ತಕವಾಗಿ ತರಬೇಕೆಂದಾಗ ಶಾಲೆಯ ಆಡಳಿತ ಮಂಡಳಿ ಒಪ್ಪಲಿಲ್ಲ. ಪದ್ಯಗಳಲ್ಲಿ ದುಃಖವೇ ಹೆಚ್ಚು ಎಂಬುದು ಅವರ ಆಕ್ಷೇಪಣೆ. ಆದರೂ 1971ರಲ್ಲಿ ಹಣ ಕೂಡಿಸಿ 'ಸ್ಟೆಪ್ನಿ ವರ್ಡ್ಸ್' ಎಂಬ ಹೆಸರಿನಲ್ಲಿ ಸಂಗ್ರಹವನ್ನು ಹೊರತಂದರು. 'ಸಂಡೇ ಟೈಮ್ಸ್' ಪತ್ರಿಕೆ ಕೆಲವು ಪದ್ಯಗಳನ್ನು ಪ್ರಕಟಿಸಿತು. ಪುಸ್ತಕ ತಂದ ತಪ್ಪಿಗೆ ಉಪಾಧ್ಯಾಯರ ಕೆಲಸ ಹೋಯಿತು.

ಆಗ ನಡೆದದ್ದೇ ಈ ಕಥೆಯ ತಿರುಳು. ಆ ವರ್ಷದ ಮೇ ತಿಂಗಳಲ್ಲಿ ಸುಮಾರು 800 ಮಕ್ಕಳು ಮುಷ್ಕರ ಹೂಡಿ, ಮಳೆಯನ್ನೂ ಲೆಕ್ಕಿಸದೆ ಶಾಲೆಯ ಹೊರಗೆ ನಿಂತರು. ಬಳಿಕ ಟ್ರಫಾಲ್ಗರ್ ಚೌಕದವರೆಗೆ ಮೆರವಣಿಗೆ ಹೋದರು. ಪಾಠ ತಪ್ಪಿಸಿಕೊಳ್ಳಲೆಂದು ಶಾಲೆ ಬಿಡುವ ಮಕ್ಕಳನ್ನು ಎಲ್ಲರೂ ಕಂಡಿದ್ದಾರೆ. ಪಾಠ ಹೇಳುವ ಮೇಷ್ಟ್ರು ಬೇಕೆಂದು ಮಕ್ಕಳು ಶಾಲೆ ಬಿಟ್ಟದ್ದು ಇಲ್ಲಿ! ಶಿಕ್ಷಕರ ಸಂಘವೂ ಸರ್ಲ್ ಅವರ ಬೆಂಬಲಕ್ಕೆ ನಿಂತಿತು. ಎರಡು ವರ್ಷಗಳ ಹೋರಾಟದ ನಂತರ, 1973ರಲ್ಲಿ, ಅವರನ್ನು ಮರಳಿ ನೇಮಿಸಿಕೊಳ್ಳಬೇಕಾಯಿತು. ಆಗ ಶಿಕ್ಷಣ ಸಚಿವೆಯಾಗಿದ್ದವರು ಮಾರ್ಗರೆಟ್ ಥ್ಯಾಚರ್.

ಬರೆವಣಿಗೆಯೂ ಅಲ್ಲಿಗೇ ನಿಲ್ಲಲಿಲ್ಲ. ಕೇಬಲ್ ಸ್ಟ್ರೀಟಿನ ಹಳೆಯ ಪುರಭವನದ ನೆಲಮಾಳಿಗೆಯಲ್ಲಿ 'ಬೇಸ್‌ಮೆಂಟ್ ರೈಟರ್ಸ್' ಎಂಬ ಬರಹಗಾರರ ಬಳಗ ಹುಟ್ಟಿತು. ಅಲ್ಲಿ ಕೂಡಿದ ಎಳೆಯರಿಗೆ ಬರೆವಣಿಗೆ ಪರೀಕ್ಷೆಯ ಕಾಟವಾಗಿ ಉಳಿದಿರಲಿಲ್ಲ.

ಈ ಮಕ್ಕಳಿಗೆ ಇದ್ದಕ್ಕಿದ್ದಂತೆ ಬುದ್ಧಿ ಬೆಳೆಯಲಿಲ್ಲ. ಅವರ ಬೀದಿ, ಅವರ ಮನೆ, ಅವರ ದುಃಖ ಬರೆಯಲು ಯೋಗ್ಯವಾದ ವಿಷಯಗಳೆಂದು ಹಿರಿಯರೊಬ್ಬರು ನಂಬಿದರು. ಬರೆದದ್ದನ್ನು ಅಚ್ಚು ಹಾಕಿಸಿದರು, ಅಷ್ಟೆ. ಪರವೂರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡ ಬರೆಯಲು ಬಾರದೆಂದು ಕೊರಗುವ ಮುನ್ನ, ಅವರಿಗೆ ಬರೆಯಲು ಏನು ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳೋಣ. ಕಾಪಿ ಪುಸ್ತಕದ ಬದಲು ಅವರ ಚಾಳು, ಅವರ ಲೋಕಲ್ ರೈಲು, ಅವರ ಕ್ರಿಕೆಟ್ಟಿನ ಬಗ್ಗೆ ಬರೆಯಲು ಹೇಳೋಣ. ಕಾಗುಣಿತ ತಪ್ಪಿದರೆ ಆಮೇಲೆ ತಿದ್ದಬಹುದು. ಬರೆದದ್ದನ್ನು ಮೊದಲು ಕುಳಿತು ಓದೋಣ.